ಚಪ್ಪಲಿ ಬಿಡುವ ಮೊದಲು ಪಾದ ನೋಡಿ: ಕೊಡಗಿನಲ್ಲಿ ಬರಿಗಾಲ ನಡಿಗೆ

ಹೋದ ವರ್ಷ ಫೆಬ್ರವರಿ. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿತ್ತು. ಚಿಕ್ಕಪ್ಪ ಮಧ್ಯಾಹ್ನದ ಊಟಕ್ಕೆ ಮೊದಲು ಸಿಮೆಂಟ್ ಕಣದಲ್ಲಿ ಒಣಗಲು ಹಾಕಿದ ಕಾಫಿ ಎಳೆಯುತ್ತಿದ್ದರು. ಬರಿಗಾಲಲ್ಲಿ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಮಾಡುವುದು. ಪಾದವನ್ನು ನೆಲಕ್ಕೆ ಉಜ್ಜುತ್ತಾ ನಡೆದರೆ ಕಾಫಿ ಎರಡೂ ಬದಿಗೆ ಸರಿದು ಸಾಲು ಬೀಳುತ್ತದೆ, ಅಡಿಯಲ್ಲಿದ್ದ ಹಸಿ ಹಣ್ಣು ಮೇಲೆ ಬರುತ್ತದೆ. ಸಂಜೆ ಮನೆಯೊಳಗೆ ಕೆಂಪು ನೆಲದ ಮೇಲೆ ಅವರು ನಡೆದಲ್ಲೆಲ್ಲ ಒದ್ದೆ ಹೆಜ್ಜೆ ಮೂಡಿತ್ತು. ಕಾಲು ತೊಳೆದು ಒರೆಸಿಕೊಂಡಿಲ್ಲ ಅಂದುಕೊಂಡರು ಚಿಕ್ಕಮ್ಮ. ಕೂರಿಸಿ ನೋಡಿದರೆ ಎರಡೂ ಅಂಗಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ನೀರು ಇಳಿಯುತ್ತಿತ್ತು.

"ಉರಿಯಲ್ವಾ ನಿಮಗೆ?" ಅಂತ ಚಿಕ್ಕಮ್ಮ ಕೇಳಿದರು.

"ಇಲ್ವಲ್ಲ" ಅಂದರು ಚಿಕ್ಕಪ್ಪ.

ಅವರಿಗೆ ಸಕ್ಕರೆ ಕಾಯಿಲೆ ಬಂದು 14 ವರ್ಷ ಆಗಿತ್ತು. ಆ ಗಾಯ ಮಾಯಲು ಎರಡೂವರೆ ತಿಂಗಳು ಬೇಕಾಯಿತು.

ಅದೇ ತಿಂಗಳು ನಾನು ಅದೇ ಕಣದ ಪಕ್ಕದ ಹುಲ್ಲಿನಲ್ಲಿ ದಿನಾ ಬೆಳಿಗ್ಗೆ ಬರಿಗಾಲಲ್ಲಿ ನಡೆಯುತ್ತಿದ್ದೆ. ನನ್ನ ಪಾದಕ್ಕೆ ಅದು ಒಳ್ಳೆಯದನ್ನೇ ಮಾಡಿತು. ಮೊದಲೆಲ್ಲ ಒಂದು ಕಾಲಲ್ಲಿ ನಿಂತು ಇನ್ನೊಂದಕ್ಕೆ ಸಾಕ್ಸ್ ಹಾಕಿಕೊಳ್ಳಲು ಗೋಡೆ ಹಿಡಿಯಬೇಕಿತ್ತು. ಎರಡು ತಿಂಗಳಲ್ಲಿ ಗೋಡೆ ಬೇಡವಾಯಿತು. ಹಾಗಾಗಿ ಬರಿಗಾಲು ಒಳ್ಳೆಯದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾರ ಪಾದ? ಯಾವ ನೆಲ? ಎಷ್ಟು ಹೊತ್ತು? ಈ ಬರಹ ಪೂರ್ತಿ ಆ ಮೂರು ಪ್ರಶ್ನೆಯ ಸುತ್ತಲೇ ಇದೆ.

ಪಾದಕ್ಕೆ ಏನು ಸಿಗುತ್ತದೆ

ಒಂದು ಪಾದದಲ್ಲಿ 26 ಮೂಳೆ, 33 ಕೀಲು ಇವೆ. ಸ್ನಾಯು, ಎಳೆ, ತಂತು ಎಲ್ಲ ಸೇರಿಸಿದರೆ 100ಕ್ಕೂ ಜಾಸ್ತಿ. ಗಟ್ಟಿ ಅಟ್ಟೆಯ ಶೂ ಹಾಕಿದರೆ ಇವುಗಳಲ್ಲಿ ಹಲವಕ್ಕೆ ಕೆಲಸ ಕಡಿಮೆಯಾಗುತ್ತದೆ. ಕೈಗೆ ದಿನವಿಡೀ ದಪ್ಪ ಗ್ಲೌಸ್ ಹಾಕಿಕೊಂಡು ಬದುಕಿದ ಹಾಗೆ. ಅಂಗಾಲಿನ ಚರ್ಮದಲ್ಲಿ ನರದ ತುದಿಗಳು ದಟ್ಟವಾಗಿವೆ. ನೆಲ ಎತ್ತ ವಾಲಿದೆ, ಜಾರುತ್ತದಾ, ಕಲ್ಲಿದೆಯಾ ಅನ್ನುವ ಸುದ್ದಿ ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಕಾಲಿನ ಹರಡು, ಮೊಣಕಾಲು, ಸೊಂಟ ಆ ಸುದ್ದಿ ನೋಡಿಕೊಂಡು ಮೈ ಹೊಂದಿಸುತ್ತವೆ. ಬರಿಗಾಲ ನಡಿಗೆಯ ದೊಡ್ಡ ಲಾಭ ಇದೇ. ಪಾದದ ಸಣ್ಣ ಸ್ನಾಯುಗಳು ದುಡಿಯುತ್ತವೆ, ಬ್ಯಾಲೆನ್ಸ್ ಚುರುಕಾಗುತ್ತದೆ.

ಇದಕ್ಕೆ ನಮ್ಮ ಕಡೆಯದೇ ಒಂದು ಒಳ್ಳೆಯ ಆಧಾರ ಇದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಇಬ್ಬರು ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆ ಗುರುತು ತೆಗೆದು ನೋಡಿ, 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೂ, ಚಪ್ಪಲಿ ಹಾಕುವ ಮಕ್ಕಳಲ್ಲಿ 8.6% ಮಂದಿಗೆ ಚಪ್ಪಟೆ ಪಾದ ಇತ್ತು. ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ 2.8% ಮಾತ್ರ. ಬೆರಳು ಪೂರ್ತಿ ಮುಚ್ಚುವ ಶೂ ಹಾಕುವವರಲ್ಲಿ ಈ ತೊಂದರೆ ಎಲ್ಲಕ್ಕಿಂತ ಜಾಸ್ತಿ ಕಂಡಿತು. ದೊಡ್ಡವರ ಮೇಲೂ ಅಧ್ಯಯನ ಆಗಿದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ತೀರಾ ತೆಳು ಅಟ್ಟೆಯ ಶೂಗಳನ್ನು ಆರು ತಿಂಗಳು ಹಾಕಿದವರ ಬೆರಳಿನ ಬಲ ಸುಮಾರು 57% ಹೆಚ್ಚಿತು ಅಂತ 2021ರಲ್ಲಿ ವರದಿಯಾಯಿತು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಬರಿಗಾಲಲ್ಲಿ ನಡೆದವರ ಅಂಗಾಲು ದಪ್ಪಗಾಗುತ್ತದೆ, ಅಲ್ವಾ? ದಪ್ಪಗಾದರೆ ಸ್ಪರ್ಶ ಮೊದ್ದಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕೆನ್ಯಾದ ಜನರ ಪಾದ ಪರೀಕ್ಷಿಸಿ 2019ರಲ್ಲಿ ಬಂದ ಅಧ್ಯಯನ ಅದು ಹಾಗಲ್ಲ ಅಂತ ತೋರಿಸಿತು. ಚರ್ಮ ದಪ್ಪಗಿದ್ದರೂ ನೆಲದ ಸುದ್ದಿ ನರಕ್ಕೆ ಮುಟ್ಟುತ್ತಲೇ ಇರುತ್ತದೆ. ನಮ್ಮಜ್ಜಿ ಕತ್ತಲಲ್ಲಿ ಕೊಟ್ಟಿಗೆಗೆ ಹೋಗುವಾಗ ಕಾಲಲ್ಲೇ ದಾರಿ ನೋಡುತ್ತಿದ್ದರು. ಅದು ಹೇಗೆ ಅಂತ ಈಗ ಅರ್ಥವಾಗುತ್ತದೆ.

ಭೂಮಿಯ ಕರೆಂಟಿನ ಮಾತು

ಬರಿಗಾಲು ನೆಲಕ್ಕೆ ತಾಗಿದರೆ ಭೂಮಿಯಿಂದ ಎಲೆಕ್ಟ್ರಾನ್‌ಗಳು ಮೈಗೆ ಹರಿದು ನೋವು, ಬಿಪಿ, ನಿದ್ದೆ ಎಲ್ಲ ಸರಿಹೋಗುತ್ತದೆ ಅನ್ನುವ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ಮೈ ಮತ್ತು ನೆಲದ ವಿದ್ಯುತ್ ಮಟ್ಟ ಒಂದಾಗುವುದು ನಿಜ. ಅದರಿಂದ ಕಾಯಿಲೆ ವಾಸಿಯಾಗುತ್ತದೆ ಅನ್ನಲು ಗಟ್ಟಿ ಸಾಕ್ಷ್ಯ ಇಲ್ಲ. ಇರುವ ಅಧ್ಯಯನಗಳು ಬಹಳ ಸಣ್ಣವು. ಹಲವನ್ನು ಮಾಡಿದವರಿಗೆ, ಮನೆಯೊಳಗೇ ಮೈಯನ್ನು ಭೂಮಿಗೆ ಜೋಡಿಸುತ್ತೇವೆ ಅಂತ ಚಾಪೆ, ಹಾಸಿಗೆ ಮಾರುವ ಕಂಪನಿಗಳ ಜೊತೆ ನಂಟಿದೆ. ಬೆಳಿಗ್ಗೆ ಹುಲ್ಲಿನ ಮೇಲೆ ನಡೆದರೆ ಮನಸ್ಸು ಹಗುರಾಗುತ್ತದೆ. ಅದಕ್ಕೆ ನಡಿಗೆ, ಎಳೆ ಬಿಸಿಲು, ಹಸಿರು, ಫೋನಿಲ್ಲದ 20 ನಿಮಿಷ ಸಾಕಷ್ಟು ಕಾರಣ ಅಂತ ನನ್ನ ಅನಿಸಿಕೆ. ಬಿಪಿ ಮಾತ್ರೆ ಮಾತ್ರ ದಯವಿಟ್ಟು ನಿಲ್ಲಿಸಬೇಡಿ.

ಆ ಚಾಪೆಗಳನ್ನು ಗೋಡೆಯ ಪ್ಲಗ್‌ನ ಮೂರನೇ ತೂತಿಗೆ, ಅಂದರೆ ಅರ್ಥ್ ತೂತಿಗೆ ಸಿಕ್ಕಿಸುತ್ತಾರೆ. ನಮ್ಮ ಹಳೇ ಮನೆಗಳಲ್ಲಿ ಎಷ್ಟೋ ಕಡೆ ಆ ತೂತಿಗೆ ಸರಿಯಾದ ಅರ್ಥಿಂಗೇ ಇರುವುದಿಲ್ಲ. ವೈರಿಂಗ್ ಕೆಟ್ಟಿದ್ದರೆ ಅಲ್ಲಿಂದಲೇ ಕರೆಂಟ್ ಬರಬಹುದು. ಅದರ ಮೇಲೆ ರಾತ್ರಿಯಿಡೀ ಮಲಗುವುದು ಬೇಡವೇ ಬೇಡ.

ಮೈಗೂ ನೆಲಕ್ಕೂ ಸಂಪರ್ಕ ಚೆನ್ನಾಗಿದ್ದಷ್ಟೂ ಶಾಕ್ ಜೋರಾಗಿ ಹೊಡೆಯುತ್ತದೆ ಅನ್ನುವುದನ್ನು ತೋಟದವರು ನೆನಪಿಡಬೇಕು. ಕೆರೆ ಪಕ್ಕದ ಪಂಪ್‌ಸೆಟ್ಟಿನ ಸ್ಟಾರ್ಟರ್‌ಗೆ ಬರಿಗಾಲಲ್ಲಿ ಕೈ ಹಾಕಬೇಡಿ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರ, ಗ್ರೈಂಡರ್, ಇಸ್ತ್ರಿಪೆಟ್ಟಿಗೆಗೂ ಇದೇ ಮಾತು. ಆನೆಗೆ ಹಾಕಿದ ಸೋಲಾರ್ ಬೇಲಿ ಚಪ್ಪಲಿ ಕಾಲಿಗೆ ಕೊಡುವ ಏಟಿಗಿಂತ ಒದ್ದೆ ಬರಿಗಾಲಿಗೆ ಕೊಡುವ ಏಟು ಜೋರು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಚಪ್ಪಲಿ ಇರಲಿ, ಬಿಡಲಿ, ನಡಿಗೆ ಬಿಟ್ಟು ಒಳಗೆ ಬನ್ನಿ.

ಹಂತ 1: ಪಾದದ ಪರೀಕ್ಷೆ

ಇದನ್ನು ಹಾರಿಸಬೇಡಿ. ಚಿಕ್ಕಪ್ಪನಿಗೆ ಆದದ್ದು ಇದನ್ನು ಮಾಡದೇ ಇದ್ದದ್ದರಿಂದ.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಹೇಳಿತು. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರ ನಿಧಾನಕ್ಕೆ ಸೋಲುತ್ತದೆ. ನೋವು ಬಂದಿದ್ದರೆ ಗೊತ್ತಾಗುತ್ತಿತ್ತು. ಇಲ್ಲಿ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ಪಾದ ಪರೀಕ್ಷೆ ಮಾಡಬೇಕಾದವರನ್ನು ಮಲಗಿಸಿ. ಕಾಲು ಚಾಚಿ, ಕಣ್ಣು ಮುಚ್ಚಲಿ. ನೀವು ತೋರುಬೆರಳ ತುದಿಯಿಂದ ಅವರ ಕಾಲಿನ ಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಗರಿ ತಾಗಿದ ಹಾಗೆ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ಬಲ ಹೆಬ್ಬೆರಳು, ಬಲ ಕಿರುಬೆರಳು, ಎಡ ಹೆಬ್ಬೆರಳು, ಎಡ ಕಿರುಬೆರಳು, ಆಮೇಲೆ ಬಲ ಮತ್ತು ಎಡದ ನಡುಬೆರಳು. ಒಟ್ಟು ಆರು. ಮುಟ್ಟಿದ್ದು ಗೊತ್ತಾದ ಕೂಡಲೇ ಅವರು "ಬಲ" ಅಥವಾ "ಎಡ" ಅನ್ನಬೇಕು. ಒಂದು ಬೆರಳನ್ನು ಒಂದೇ ಸಲ ಮುಟ್ಟಿ. ಗೊತ್ತಾಗಲಿಲ್ಲ ಅಂತ ಎರಡನೇ ಅವಕಾಶ ಕೊಡಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ನರ ಸೋತಿರುವ ಸಂಭವ ಇದೆ. ವೈದ್ಯರಿಗೆ ತೋರಿಸಿ.

ಚಿಕ್ಕಪ್ಪನಿಗೆ ಆಸ್ಪತ್ರೆಯ ನರ್ಸ್ ಈ ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲಿದ್ದೆ. ಆಕೆ ಐದನೇ ಬೆರಳು ಮುಟ್ಟಿದಾಗಲೂ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ "ಯಾವಾಗ ಶುರು ಮಾಡ್ತೀಯಮ್ಮ?" ಅಂತ ಕೇಳಿದರು. ಆಕೆ ಚಿಕ್ಕಮ್ಮನ ಮುಖ ನೋಡಿದಳು. ಆ ಕ್ಷಣ ನನಗೆ ಇನ್ನೂ ಮರೆತಿಲ್ಲ.

ನರ ಸೋತವರು ಹೊರಗಿರಲಿ, ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಕಾಲಿನ ರಕ್ತನಾಳ ಕಟ್ಟಿರುವವರು, ಪಾದದಲ್ಲಿ ಹುಣ್ಣು ಇರುವವರು, ಹಿಮ್ಮಡಿ ಆಳವಾಗಿ ಒಡೆದು ರಕ್ತ ಬರುತ್ತಿರುವವರು, ಕೀಮೋ ಚಿಕಿತ್ಸೆಯಲ್ಲಿರುವವರು ಕೂಡ ವೈದ್ಯರನ್ನು ಕೇಳದೆ ಚಪ್ಪಲಿ ಬಿಡುವುದು ಬೇಡ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂಥ ನೋವು ಬರುವವರಿಗೆ ಟೈಲ್ಸ್ ನೆಲದ ಮೇಲಿನ ಬರಿಗಾಲು ನೋವು ಹೆಚ್ಚಿಸುತ್ತದೆ. ಅವರು ಮೊದಲು ಆ ನೋವು ಇಳಿಸಿಕೊಳ್ಳಲಿ.

ಇನ್ನು ಧನುರ್ವಾಯು ಇಂಜೆಕ್ಷನ್. ಆ ರೋಗದ ಬೀಜಾಣು ಮಣ್ಣು, ಸೆಗಣಿಯಲ್ಲಿ ವರ್ಷಗಟ್ಟಲೆ ಬದುಕುತ್ತದೆ. 10 ವರ್ಷಕ್ಕೊಮ್ಮೆ ಬೂಸ್ಟರ್ ಬೇಕು. ಕೊನೆಯದಾಗಿ ಯಾವಾಗ ಹಾಕಿಸಿಕೊಂಡೆ ಅಂತ ನೆನಪಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಹಾಕಿಸಿಕೊಂಡು ಬಿಡಿ.

ಹಂತ 2: ನೆಲ ಆರಿಸಿಕೊಳ್ಳುವುದು

ಕೊಡಗಿನಲ್ಲಿ ಎಲ್ಲ ನೆಲವೂ ಒಂದೇ ಅಲ್ಲ. ಒಂದೇ ನೆಲ ವರ್ಷವಿಡೀ ಒಂದೇ ಥರ ಇರುವುದೂ ಇಲ್ಲ.

ಕಾಫಿ ತೋಟದ ಒಳಗೆ ಬರಿಗಾಲು ಬೇಡ ಅಂತಲೇ ನಾನು ಹೇಳುವುದು. ತೋಟದ ನೆಲಕ್ಕೆ ನೆರಳಿದೆ, ತೇವ ಇದೆ, ತರಗೆಲೆಯ ಹೊದಿಕೆ ಇದೆ. ಕೊಕ್ಕೆಹುಳುವಿನ ಮರಿಗೆ ಹೇಳಿ ಮಾಡಿಸಿದ ಜಾಗ. ಹುಳ ಇರುವ ಮನುಷ್ಯ ಬಯಲಲ್ಲಿ ಮಲವಿಸರ್ಜನೆ ಮಾಡಿದರೆ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. 5ರಿಂದ 10 ದಿನದಲ್ಲಿ ಮರಿಹುಳ ಚರ್ಮ ಕೊರೆಯುವಷ್ಟು ಬೆಳೆದಿರುತ್ತದೆ. ಹದವಾದ ಮಣ್ಣಿನಲ್ಲಿ 3-4 ವಾರ ಕಾಯುತ್ತದೆ. ಬೆರಳ ಸಂದಿನ ಮೆತ್ತನೆಯ ಚರ್ಮದಿಂದ ಒಳಹೊಕ್ಕು, ರಕ್ತದ ದಾರಿಯಲ್ಲಿ ಶ್ವಾಸಕೋಶ ಸೇರಿ, ಗಂಟಲಿಗೆ ಬಂದು, ನುಂಗಿದಾಗ ಕರುಳಿಗೆ ಇಳಿದು, ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಿಳಿಚಿದ ಕಣ್ಣು, ಏದುಸಿರು, ಸದಾ ಸುಸ್ತು. ಇದನ್ನು ಹೆಚ್ಚು ಅನುಭವಿಸುವವರು ಲೈನ್ ಮನೆಗಳಲ್ಲಿ ಇದ್ದುಕೊಂಡು ತೋಟದಲ್ಲಿ ದುಡಿಯುವವರು. ತೋಟದ ಮಾಲೀಕರು ಕೆಲಸದವರಿಗೆ ಗಂಬೂಟು ಕೊಡಿಸಿ, ಕೆಲಸದ ಜಾಗದ ಹತ್ತಿರ ಶೌಚಾಲಯ ಕಟ್ಟಿಸಿದರೆ ಈ ಸರಪಳಿ ಅಲ್ಲೇ ಕಡಿಯುತ್ತದೆ. ಎಷ್ಟೋ ತೋಟಗಳಲ್ಲಿ ಮಾಡಿದ್ದಾರೆ. ಎಲ್ಲರೂ ಮಾಡಬೇಕು.

ತೋಟದಲ್ಲಿ ಬೇರೆ ಅಪಾಯಗಳೂ ಇವೆ. ಗಿಡಕಸಿ (ಕಾಫಿ ಗಿಡದ ರೆಂಬೆ ಸವರುವುದು) ಆದ ಮೇಲೆ ಓರೆಯಾಗಿ ಕತ್ತರಿಸಿದ ಕಾಫಿ ಕಡ್ಡಿಗಳು ತರಗೆಲೆಯ ಅಡಿ ಚೂಪಾಗಿ ನಿಂತಿರುತ್ತವೆ. ಕಳೆನಾಶಕ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬಿದ್ದ ನೆಲ ನೋಡಿದರೆ ಗೊತ್ತಾಗುವುದಿಲ್ಲ. ಗುಳಿಮಂಡಲದ ಜಾತಿಯ ಕೆಲವು ಹಾವು ಒಣ ಎಲೆಯ ಬಣ್ಣದಲ್ಲೇ ಸುತ್ತಿಕೊಂಡು ಮಲಗಿರುತ್ತವೆ. ಸಿದ್ದಾಪುರದ ಕಡೆಯವರಿಗೆ ಆನೆಯ ಭಯ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲಿ ನಡೆಯುವುದು? ಮನೆಯ ಮುಂದೆ ನೀವೇ ಒಂದು ಪಟ್ಟಿ ಮಾಡಿಕೊಳ್ಳಿ. ಮೂರಡಿ ಅಗಲ, 20 ಹೆಜ್ಜೆ ಉದ್ದ ಸಾಕು. ಬೆಳಗಿನ ಬಿಸಿಲು ನೇರವಾಗಿ ಬೀಳುವ ಜಾಗ ಆಗಿರಲಿ. ಬಿಸಿಲಿಗೆ ಒಣಗುವ ಮಣ್ಣಿನಲ್ಲಿ ಹುಳದ ಮರಿ ಬದುಕುವುದಿಲ್ಲ. ಕಲ್ಲು, ಗಾಜು, ತಂತಿ ಆರಿಸಿ ತೆಗೆಯಿರಿ. ಮುಟ್ಟಿದರೆ ಮುನಿಯನ್ನು ಬೇರು ಸಮೇತ ಕೀಳಿ. ಹುಲ್ಲಿನ ನಡುವೆ ಕಾಣದ ಹಾಗೆ ಹಬ್ಬಿ, ಕಾಲಿಟ್ಟ ಮೇಲೆ ಮುಳ್ಳು ತೋರಿಸುವ ಗಿಡ ಅದು. ಗರಿಕೆ ಹಬ್ಬಲು ಬಿಡಿ, ಗಿಡ್ಡಗೆ ಕತ್ತರಿಸಿ ಇಟ್ಟುಕೊಳ್ಳಿ. ನಾಯಿ, ಬೆಕ್ಕು ಅಲ್ಲಿ ಹೇತು ಹೋಗದ ಹಾಗೆ ಸಣ್ಣ ಬೇಲಿ ಹಾಕಿ. ಅವುಗಳ ಹೊಟ್ಟೆಯ ಕೊಕ್ಕೆಹುಳ ನಮ್ಮ ಚರ್ಮದ ಅಡಿಯಲ್ಲಿ ಹಾವಿನಂತೆ ವಕ್ರ ಗೆರೆ ಎಳೆಯುತ್ತಾ ತುರಿಸುತ್ತದೆ.

ನಮ್ಮ ಪಟ್ಟಿಯಲ್ಲಿ ಅರ್ಧ ಹುಲ್ಲು, ಸ್ವಲ್ಪ ಮರಳು, ಕೊನೆಯ ಐದು ಹೆಜ್ಜೆ ಉರುಟು ಕಲ್ಲು. ಪಾದಕ್ಕೆ ಬಗೆಬಗೆಯ ನೆಲ ಸಿಗಲಿ ಅಂತ. ದಿನಾ ಮೊದಲ ಸುತ್ತು ಚಪ್ಪಲಿ ಹಾಕಿಕೊಂಡೇ ನಡೆದು ಕಣ್ಣಾಡಿಸುತ್ತೇನೆ. ರಾತ್ರಿ ಬಿದ್ದ ಸಿಲ್ವರ್ ಓಕ್ ಕಡ್ಡಿಯೋ, ಕೋತಿ ಎಸೆದ ಹಲಸಿನ ಸಿಪ್ಪೆಯೋ ಏನಾದರೂ ಇದ್ದೇ ಇರುತ್ತದೆ. ಎರಡನೇ ಸುತ್ತಿನಿಂದ ಬರಿಗಾಲು.

ಕಣದ ಸಿಮೆಂಟ್ ಬೆಳಿಗ್ಗೆ 8 ಗಂಟೆಗೆ ಪರವಾಗಿಲ್ಲ. 11ರ ಮೇಲೆ ಕೈಯ ಹಿಂಬದಿ ಇಟ್ಟು ನೋಡಿ. ಐದು ಸೆಕೆಂಡು ಇಡಲಾಗದಿದ್ದರೆ ಕಾಲೂ ಬೇಡ. ದೇವಸ್ಥಾನ, ದೇವರಕಾಡುಗಳಲ್ಲಿ ಚಪ್ಪಲಿ ಬಿಡಲೇಬೇಕು. ಸಕ್ಕರೆ ಇರುವವರು ಬಿಸಿಲೇರುವ ಮೊದಲು ಹೋಗಿ ಬನ್ನಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ತಲಕಾವೇರಿಯಂಥ ಕಡೆ ಒದ್ದೆ ಮೆಟ್ಟಿಲ ಮೇಲೆ ಆ ಕಾಲುಚೀಲವೇ ಜಾರಿಸುತ್ತದೆ, ಅಲ್ಲಿ ಯಾರದ್ದಾದರೂ ಕೈ ಹಿಡಿದುಕೊಳ್ಳಿ.

ಹಂತ 3: 5 ನಿಮಿಷದಿಂದ ಶುರು

ಮೊದಲ ದಿನವೇ ಅರ್ಧ ಗಂಟೆ ನಡೆಯುವವರು ಎರಡನೇ ವಾರ ಕುಂಟುತ್ತಾರೆ. 20-30 ವರ್ಷ ಶೂನಲ್ಲಿ ಕೂತ ಪಾದ ಇದು. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾಮೂಲಿ ಶೂನಲ್ಲಿ ಓಡುತ್ತಿದ್ದವರನ್ನು 10 ವಾರದಲ್ಲಿ ತೆಳು ಅಟ್ಟೆಗೆ ಬದಲಾಯಿಸಿದರು. ಸ್ಕ್ಯಾನ್ ಮಾಡಿದಾಗ 19 ಮಂದಿಯಲ್ಲಿ 10 ಮಂದಿಯ ಪಾದದ ಮೂಳೆಯಲ್ಲಿ ಬಾವು ಕಾಣಿಸಿತು. ಸ್ನಾಯು ಬೇಗ ಒಗ್ಗುತ್ತದೆ, ಮೂಳೆಗೆ ತಿಂಗಳುಗಳು ಬೇಕು.

ನಾನು ಹೋದ ದಾರಿ ಹೀಗೆ. ಮೊದಲ ವಾರ ಮನೆಯೊಳಗೆ, ಜಗುಲಿಯಲ್ಲಿ 10 ನಿಮಿಷ. ಎರಡನೇ ವಾರ ಹುಲ್ಲಿನ ಮೇಲೆ 5 ನಿಮಿಷ, ದಿನ ಬಿಟ್ಟು ದಿನ. ಆಮೇಲೆ ವಾರಕ್ಕೆ 5 ನಿಮಿಷ ಸೇರಿಸುತ್ತಾ ಹೋದೆ. ಅರ್ಧ ಗಂಟೆ ಮುಟ್ಟಲು ಎರಡು ತಿಂಗಳು ಬೇಕಾಯಿತು. ಈಗಲೂ ಅರ್ಧ ಗಂಟೆ ಮೀರುವುದಿಲ್ಲ. ಉಳಿದ ನಡಿಗೆ ಶೂ ಹಾಕಿಕೊಂಡೇ. ಟಾರು ರಸ್ತೆಯಲ್ಲಿ ಬರಿಗಾಲ ನಡಿಗೆ ನನಗೆ ಸರಿ ಕಾಣುವುದಿಲ್ಲ.

ಮೀನಖಂಡ ಸ್ವಲ್ಪ ಬಿಗಿಯುವುದು, ಅಂಗಾಲು ಚುಮುಗುಡುವುದು ಸಹಜ. ಮಾರನೇ ದಿನಕ್ಕೆ ಇಳಿಯಬೇಕು. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ, ಬೆರಳಿಂದ ಒತ್ತಿದರೆ ಸರಿಯಾಗಿ ಅಲ್ಲೇ ನೋವು ಬಂದರೆ ಮೂಳೆಯ ತೊಂದರೆ ಇರಬಹುದು. ನಡಿಗೆ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ನಡೆಯುವಾಗ ಹೆಜ್ಜೆ ಚಿಕ್ಕದಿರಲಿ. ಶೂ ಹಾಕಿದಾಗ ನಾವು ಹಿಮ್ಮಡಿ ಧಡ್ ಅಂತ ಊರುತ್ತೇವೆ. ಬರಿಗಾಲಿಗೆ ಹಾಗೆ ಊರಿದರೆ ನೋಯುತ್ತದೆ. ಸದ್ದಾಗದ ಹಾಗೆ, ಮಲಗಿರುವ ಮಗುವಿನ ಕೋಣೆಯಲ್ಲಿ ನಡೆದ ಹಾಗೆ ನಡೆಯಿರಿ. ಹೆಜ್ಜೆಯ ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳಲಿ. ನಾಲ್ಕೈದು ಹೆಜ್ಜೆ ಮುಂದಿನ ನೆಲ ನೋಡುತ್ತಾ ಹೋಗಿ.

ಜೊತೆಗೆ ಒಂದು ಸಣ್ಣ ಅಭ್ಯಾಸ. ಬೆಳಿಗ್ಗೆ ಕಾಫಿ ಫಿಲ್ಟರ್ ಇಳಿಯುವಷ್ಟು ಹೊತ್ತು ಅಡುಗೆಕಟ್ಟೆ ಹಿಡಿದು ನಿಂತುಕೊಳ್ಳಿ. ಬೆರಳುಗಳನ್ನು ಬೀಸಣಿಗೆ ಹಾಗೆ ಅಗಲಿಸಿ. ಹೆಬ್ಬೆರಳು ಮಾತ್ರ ಎತ್ತಿ ಇಳಿಸಿ. ಮೊದಮೊದಲು ಐದೂ ಒಟ್ಟಿಗೇ ಏಳುತ್ತವೆ. ಆಮೇಲೆ ತುದಿಗಾಲಲ್ಲಿ 10 ಸಲ ಏರಿ ಇಳಿಯಿರಿ. ಕೊನೆಗೆ ಒಂದೊಂದೇ ಕಾಲಲ್ಲಿ 20 ಎಣಿಸುವವರೆಗೆ ನಿಲ್ಲಿ.

ಹಂತ 4: ಬಂದ ಮೇಲೆ ಕಾಲು ತೊಳೆಯುವುದು

ನಮ್ಮ ಹಳೇ ಮನೆಗಳಲ್ಲಿ ಜಗುಲಿಯ ಬಳಿ ನೀರಿನ ಹಂಡೆ ಇರುತ್ತಿತ್ತು. ಕಾಲು ತೊಳೆಯದೆ ಒಳಗೆ ಬಂದರೆ ಅಜ್ಜಿ ಬೈಯುತ್ತಿದ್ದರು. ಅದನ್ನು ವಾಪಸ್ ತನ್ನಿ. ಸೋಪು ಹಾಕಿ ಅಂಗಾಲು, ಬೆರಳ ಸಂದು ಉಜ್ಜಿ ತೊಳೆಯಿರಿ. ಒಣ ಬಟ್ಟೆಯಿಂದ ಒಂದೊಂದು ಸಂದನ್ನೂ ಒರೆಸಿ. ಸಂದಿನಲ್ಲಿ ತೇವ ಉಳಿದರೆ ಚರ್ಮ ಬೆಳ್ಳಗೆ ನೆಂದು, ಬಿರಿದು ಕೆಸರುಹುಣ್ಣು ಆಗುತ್ತದೆ. ಹಿಮ್ಮಡಿಗೆ ತೆಂಗಿನೆಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ.

ಒರೆಸುವಾಗಲೇ ಪಾದ ತಿರುಗಿಸಿ ನೋಡಿ. ಬಗ್ಗಲು ಆಗದವರು ನೆಲದ ಮೇಲೆ ಒಂದು ಕನ್ನಡಿ ಇಟ್ಟುಕೊಂಡು ಅದರ ಮೇಲೆ ಪಾದ ಹಿಡಿಯಲಿ.

ಏನಾದರೂ ಆದರೆ

ಮುಳ್ಳು ಚುಚ್ಚಿದರೆ ಮೊದಲು ಸೋಪು ನೀರಲ್ಲಿ ತೊಳೆಯಿರಿ. ತುದಿ ಕಾಣುತ್ತಿದ್ದರೆ ಕುದಿಸಿದ ಚಿಮ್ಮಟದಿಂದ ಅದು ಹೊಕ್ಕ ಓರೆಯಲ್ಲೇ ಹೊರಗೆ ಎಳೆಯಿರಿ. ಆಳಕ್ಕೆ ಹೋಗಿದ್ದರೆ ಕೆದಕಬೇಡಿ. ನಮ್ಮೂರಲ್ಲಿ ಗಾಯಕ್ಕೆ ಕಾಫಿಪುಡಿ ಮೆತ್ತುವ ರೂಢಿ ಇದೆ. ರಕ್ತ ನಿಂತ ಹಾಗೆ ಕಾಣುತ್ತದೆ, ಆದರೆ ಒಳಗೆ ಕೊಳೆ ಮುಚ್ಚಿಹೋಗಿ ಕೀವಾಗುತ್ತದೆ. ಸುಣ್ಣ, ಮಣ್ಣು, ಬೂದಿಯೂ ಬೇಡ. ಹರಿಯುವ ನೀರಲ್ಲಿ ಐದು ನಿಮಿಷ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಕೊಳೆ ಗಾಯವಾಗಿದ್ದು ಕೊನೆಯ ಧನುರ್ವಾಯು ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಆಸ್ಪತ್ರೆಗೆ ಹೋಗಿ.

ಜಿಗಣೆಗೆ ಹೆದರುವುದು ಬೇಡ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಡುತ್ತದೆ, ಅದಕ್ಕೇ ಬಿಟ್ಟ ಮೇಲೂ ರಕ್ತ ಸುರಿಯುತ್ತಿರುತ್ತದೆ. ಕಚ್ಚಿದ ತುದಿಯ ಪಕ್ಕ ಉಗುರು ಓರೆಯಾಗಿ ತೂರಿಸಿ ಸರಿಸಿ, ಬಿಡುತ್ತದೆ. ಕಿತ್ತು ಎಳೆಯಬೇಡಿ, ಬೆಂಕಿ ಮುಟ್ಟಿಸಬೇಡಿ. ತೊಳೆದು ಒತ್ತಿ ಹಿಡಿದರೆ ಸಾಕು.

ಮಣ್ಣಿನಲ್ಲಿ ನಡೆದ ಒಂದೆರಡು ದಿನಕ್ಕೆ ಬೆರಳ ಸಂದಿನಲ್ಲಿ ಸಣ್ಣ ಕೆಂಪು ಗುಳ್ಳೆ, ಜೋರು ತುರಿಕೆ ಬಂದರೆ ಹುಳ ಹೊಕ್ಕಿರಬಹುದು. ವೈದ್ಯರು ಹೇಳಿದ ಹಾಗೆ ಆಲ್ಬೆಂಡಜೋಲ್ ತೆಗೆದುಕೊಳ್ಳಿ. 1ರಿಂದ 19 ವರ್ಷದ ಮಕ್ಕಳಿಗೆ ಅಂಗನವಾಡಿ, ಶಾಲೆಗಳಲ್ಲಿ ಈ ಮಾತ್ರೆ ಉಚಿತವಾಗಿ ಕೊಡುತ್ತಾರೆ. ತಪ್ಪಿಸಬೇಡಿ.

ಗದ್ದೆ ಕೆಲಸ ಆದ ಮೇಲೆ, ಕೆಸರುಗದ್ದೆ ಓಟ ಆಡಿ ಬಂದ ಮೇಲೆ ಎರಡು ಮೂರು ವಾರದೊಳಗೆ ಜ್ವರ ಬಂದು, ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪಗಾಗುವುದು ಕಂಡರೆ ಅದು ಇಲಿಜ್ವರ ಇರಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯದ ಮೂಲಕ ಬರುವ ರೋಗ. ಬೇಗ ಔಷಧಿ ಶುರುವಾದರೆ ವಾಸಿಯಾಗುತ್ತದೆ. ಡಾಕ್ಟರ ಹತ್ತಿರ "ಗದ್ದೆಗೆ ಇಳಿದಿದ್ದೆ" ಅಂತ ಮರೆಯದೆ ಹೇಳಿ. ಆ ಒಂದು ಮಾತು ಅವರಿಗೆ ದಾರಿ ತೋರಿಸುತ್ತದೆ.

ಹಾವು ಕಚ್ಚಿದರೆ ಕಾಲು ಅಲುಗಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮಲ್ಲಿ ಸಿಗುವ ಹಾವಿನ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಗುಳಿಮಂಡಲಕ್ಕೆ ಅದು ನಂಬಿಕೆಯ ಮದ್ದಲ್ಲ. ಅದು ಕಚ್ಚಿದಾಗಲೂ ಆಸ್ಪತ್ರೆಯ ನಿಗಾ ಬೇಕೇ ಬೇಕು. ಕತ್ತಲಾದ ಮೇಲೆ ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬೇಡಿ. ಟಾರ್ಚ್ ಇದ್ದರೂ ಅಷ್ಟೇ.

ಮಕ್ಕಳು ಮತ್ತು ಹಿರಿಯರು

ನಡೆಯಲು ಕಲಿಯುವ ಮಗುವಿಗೆ ಮನೆಯೊಳಗೆ ಶೂ ಬೇಡ. ಸದ್ದು ಮಾಡುವ, ದೀಪ ಹತ್ತುವ ಶೂ ನೋಡಲು ಚೆಂದ, ಪಾದಕ್ಕೆ ಅಲ್ಲ. ಜಗುಲಿ, ಹುಲ್ಲು, ಮರಳಿನ ಮೇಲೆ ಬಿಡಿ. ಶೌಚಾಲಯಕ್ಕೆ, ತೋಟಕ್ಕೆ, ರಸ್ತೆಗೆ ಚಪ್ಪಲಿ ಹಾಕಿಸಿ.

60 ದಾಟಿದವರ ವಿಷಯದಲ್ಲಿ ನನ್ನ ಸಲಹೆ ಬೇರೆ. ನಯವಾದ ನೆಲದ ಮೇಲೆ ಬರಿಗಾಲಲ್ಲೋ ಬರೀ ಕಾಲುಚೀಲದಲ್ಲೋ ಓಡಾಡುವ ಹಿರಿಯರು ಬೀಳುವುದು ಜಾಸ್ತಿ. ಒಳಗೆ ಓಡಾಡಲು ಹಿಮ್ಮಡಿಗೆ ಪಟ್ಟಿ ಇರುವ, ಜಾರದ ಅಟ್ಟೆಯ ಚಪ್ಪಲಿ ಕೊಡಿಸಿ. ಬರಿಗಾಲ ನಡಿಗೆ ಆಸೆ ಇದ್ದರೆ ಬೆಳಿಗ್ಗೆ ಹುಲ್ಲಿನ ಮೇಲೆ, ಒಬ್ಬರು ಜೊತೆಗಿದ್ದು, 10 ನಿಮಿಷ. ಮೊದಲ ಹಂತದ ಬೆರಳ ಪರೀಕ್ಷೆ ಪಾಸಾದವರಿಗೆ ಮಾತ್ರ.

ಚಿಕ್ಕಪ್ಪ ಈಗ ಕಣಕ್ಕೆ ಮುಚ್ಚಿದ ಕ್ಯಾನ್ವಾಸ್ ಶೂ ಹಾಕಿಕೊಂಡೇ ಇಳಿಯುತ್ತಾರೆ, ಕಾಫಿಯನ್ನು ಹಲಗೆಯಲ್ಲಿ ಎಳೆಯುತ್ತಾರೆ. ಹಾಕಿಕೊಳ್ಳುವ ಮೊದಲು ಶೂ ಬೋರಲು ಹಾಕಿ ಕೊಡವುತ್ತಾರೆ. ಒಳಗೆ ಒಂದು ಕಾಫಿ ಬೀಜ ಸೇರಿಕೊಂಡರೂ ಅವರಿಗೆ ಗೊತ್ತಾಗುವುದಿಲ್ಲ ಅಂತ ಅವರಿಗೇ ಗೊತ್ತು. ರಾತ್ರಿ ಊಟದ ಮೇಲೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಅವರ ಪಾದ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾರೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಬರಿಗಾಲ ನಡಿಗೆ ಬಿಡಿ. ಅಂಗಳದ ಕಲ್ಲಿಗೆ ಪಾಚಿ ಕಟ್ಟಿರುತ್ತದೆ, ಹುಲ್ಲಿನ ತುಂಬ ಜಿಗಣೆ, ಮಣ್ಣು ಒಣಗುವುದೇ ಇಲ್ಲ. ಗದ್ದೆ ನಾಟಿಗೆ ಇಳಿಯುವವರು ಗಾಯವಿದ್ದರೆ ಗಂಬೂಟು ಹಾಕಿ. ಜಗುಲಿಯಲ್ಲಿ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ತುದಿಗಾಲಲ್ಲಿ ಏರಿ ಇಳಿಯುವುದು, ಒಂದು ಕಾಲಲ್ಲಿ ನಿಲ್ಲುವುದು ಮುಂದುವರಿಸಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು ಬಿಸಿಲು ಬಿದ್ದ ಮೇಲೆ ಪಟ್ಟಿಯ ಹುಲ್ಲು ಕತ್ತರಿಸಿ, ಹೊಸದಾಗಿ ಬೆಳೆದ ಮುಟ್ಟಿದರೆ ಮುನಿ ಕಿತ್ತು, ಮತ್ತೆ 5 ನಿಮಿಷದಿಂದ ಶುರು ಮಾಡಿ.